ಸ್ಕ್ರೀನ್ ನಿಂತ ಮೇಲೆ: ಎನ್‌ಕ್ಲೆಕ್ಸ್ ಬರೆದವರ ಪ್ರಶ್ನೆಗಳು

ಎನ್‌ಕ್ಲೆಕ್ಸ್ ಬರೆದು ಫಲಿತಾಂಶಕ್ಕೆ ಕಾದು ಕುಳಿತಿರುವ ಸ್ಟಾಫ್ ನರ್ಸ್‌ಗಳಿಂದ, ಅವರ ಮನೆಯವರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಈ ಪರೀಕ್ಷೆ ಪಾಸಾಗಲೇಬೇಕು. ಕೆನಡಾದ ಹೆಚ್ಚಿನ ಪ್ರಾಂತ್ಯಗಳು 2015ರಿಂದ ಇದನ್ನೇ ಬಳಸುತ್ತಿವೆ. ಹೊರದೇಶಗಳಲ್ಲಿ ಓದಿದ ಹಲವು ನರ್ಸ್‌ಗಳಿಗೆ ಆಸ್ಟ್ರೇಲಿಯಾ ಕೂಡ 2020ರಿಂದ ಇದೇ ಪರೀಕ್ಷೆ ಇಟ್ಟಿದೆ. ಬೆಂಗಳೂರಿನಲ್ಲೇ ಕೇಂದ್ರ ಇರುವುದರಿಂದ ನಮ್ಮವರು ಬೇರೆ ರಾಜ್ಯಕ್ಕೆ ಹೋಗಿ ಬರೆಯಬೇಕಾಗಿಲ್ಲ. ಆದರೆ ಬರೆದು ಮನೆಗೆ ಬಂದ ಮೇಲಿನ ದಿನಗಳು ಎಲ್ಲರಿಗೂ ಭಾರವೇ.

85ನೇ ಪ್ರಶ್ನೆಗೇ ಸ್ಕ್ರೀನ್ ನಿಂತುಬಿಟ್ಟಿತು. ಅರ್ಧಕ್ಕರ್ಧ ಊಹೆಯ ಮೇಲೆ ಬರೆದಿದ್ದೆ. ಗೆಳತಿಗೆ 150 ಪ್ರಶ್ನೆ ಬಂದು ಅವಳು ಪಾಸಾದಳು. ನನ್ನದು ಹೋಯಿತು ಅಂತಲೇ ಅನಿಸಿ ಊಟ ಸೇರುತ್ತಿಲ್ಲ. – ಓದುಗರು, ಹಾಸನ

ಊಹೆಯ ಮೇಲೆ ಬರೆದೆ ಅನಿಸುವುದು ಈ ಪರೀಕ್ಷೆ ಬರೆದವರಿಗೆಲ್ಲ ಆಗುವ ಅನುಭವ. ಅದನ್ನು ಫೇಲಿನ ಸೂಚನೆ ಅಂದುಕೊಳ್ಳಬೇಡಿ. ನರ್ಸಿಂಗ್ ಕಾಲೇಜಿನ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಚೆನ್ನಾಗಿ ಓದಿದವರು ಸಲೀಸಾಗಿ ಬರೆದು ನಗುತ್ತಾ ಹೊರಬರುತ್ತಾರೆ. ಎನ್‌ಕ್ಲೆಕ್ಸ್‌ನಲ್ಲಿ ಆ ಸುಖವಿಲ್ಲ. ಉತ್ತರ ಸರಿಯಾದರೆ ಕಂಪ್ಯೂಟರು ಮುಂದಿನ ಪ್ರಶ್ನೆಯನ್ನು ಸ್ವಲ್ಪ ಗಟ್ಟಿ ಕೊಡುತ್ತದೆ, ತಪ್ಪಾದರೆ ಸ್ವಲ್ಪ ಮೆತ್ತಗೆ. ನೀವು ಸರಿ ಮಾಡುವ ಸಾಧ್ಯತೆ ಸುಮಾರು ಅರ್ಧದಷ್ಟಿರುವ ಪ್ರಶ್ನೆಗಳನ್ನೇ ಅದು ಹುಡುಕಿ ಮುಂದಿಡುತ್ತದೆ. ಹಾಗಾಗಿ ರ‍್ಯಾಂಕ್ ಬಂದವರಿಗೂ ಅರ್ಧ ಕೈಕೊಟ್ಟಿತು ಅಂತಲೇ ಅನಿಸುತ್ತದೆ. ನಿಮ್ಮ ಹೊಟ್ಟೆಯೊಳಗಿನ ಈ ಸಂಕಟದಿಂದ ಫಲಿತಾಂಶ ಊಹಿಸಲು ಬರುವುದಿಲ್ಲ.

ಇನ್ನು ಪ್ರಶ್ನೆಗಳ ಸಂಖ್ಯೆ. 2023ರ ಏಪ್ರಿಲ್ 1ರಿಂದ ಬಂದ ಹೊಸ ಮಾದರಿಯಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಸಮಯ 5 ಗಂಟೆ. ನೀವು ಪಾಸಿನ ಗೆರೆಗಿಂತ ಮೇಲಿದ್ದೀರಿ ಅಥವಾ ಕೆಳಗಿದ್ದೀರಿ ಎಂಬುದು ಶೇ. 95ರಷ್ಟು ಖಾತ್ರಿಯಾದ ಕೂಡಲೇ ಯಂತ್ರ ನಿಲ್ಲಿಸುತ್ತದೆ. 85ಕ್ಕೆ ನಿಂತಿತು ಅಂದರೆ ತೀರ್ಮಾನ ಬೇಗ ಸ್ಪಷ್ಟವಾಯಿತು ಅಂತ ಅಷ್ಟೇ ಅರ್ಥ. ಆ ತೀರ್ಮಾನ ಯಾವ ಕಡೆಗೆ ಎಂಬುದು ಸಂಖ್ಯೆಯಲ್ಲಿ ಇರುವುದಿಲ್ಲ. ನಿಮ್ಮ ಗೆಳತಿ ಕೊನೆಯವರೆಗೂ ಗೆರೆಯ ಹತ್ತಿರವೇ ಇದ್ದರು, ಅದಕ್ಕೇ 150ರವರೆಗೆ ಹೋಯಿತು. ಇಬ್ಬರ ಲೆಕ್ಕವನ್ನು ಪಕ್ಕ ಪಕ್ಕ ಇಟ್ಟು ನೋಡುವುದರಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು ನಿಮಗೆ ಸಮಾಧಾನ ಕೊಡಬಹುದು. ನಿಮಗೆ ಬಂದ 85ರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ. ಅವು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡುತ್ತಿರುವ ಪ್ರಶ್ನೆಗಳು. ಯಾವುವು ಅಂತ ನಿಮಗೆ ಹೇಳುವುದಿಲ್ಲ. ಉಳಿದ 70ರಲ್ಲಿ 18 ಪ್ರಶ್ನೆ ಮೂರು ಕೇಸ್ ಸ್ಟಡಿಗಳಿಂದ, ಒಂದೊಂದಕ್ಕೆ 6ರಂತೆ. ಈಗ ಕಣ್ಮುಂದೆ ಬಂದು ಕಾಡುತ್ತಿರುವ ಆ ವಿಚಿತ್ರ ಪ್ರಶ್ನೆ ಆ 15ರಲ್ಲಿ ಒಂದಾಗಿರಲೂಬಹುದು. ‘ಸರಿಯಾದುದೆಲ್ಲವನ್ನೂ ಗುರುತಿಸಿ’ ಬಗೆಯ ಪ್ರಶ್ನೆಗಳಲ್ಲಿ ಈಗ ಭಾಗಶಃ ಅಂಕವೂ ಇದೆ: ಸರಿ ಗುರುತಿಗೆ ಒಂದು ಸೇರುತ್ತದೆ, ತಪ್ಪು ಗುರುತಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಐದರಲ್ಲಿ ಒಂದು ಬಿಟ್ಟುಹೋಯಿತು ಅಂದ ಮಾತ್ರಕ್ಕೆ ಇಡೀ ಪ್ರಶ್ನೆ ಕೈತಪ್ಪಿತು ಅಂದುಕೊಳ್ಳಬೇಡಿ.

ಶುಕ್ರವಾರ ಬೆಂಗಳೂರಿನಲ್ಲಿ ಬರೆದೆ. ಭಾನುವಾರ ರಾತ್ರಿಯಿಂದ ಹತ್ತು ನಿಮಿಷಕ್ಕೊಮ್ಮೆ ಮೇಲ್ ನೋಡುತ್ತಿದ್ದೇನೆ. ಎಲ್ಲಿ, ಯಾವಾಗ ಬರುತ್ತದೆ? – ಓದುಗರು, ಶಿವಮೊಗ್ಗ

ಉತ್ತರಗಳಿಗೆ ಎರಡು ಸಲ ಅಂಕ ಹಾಕುತ್ತಾರೆ. ಒಮ್ಮೆ ಕೇಂದ್ರದ ಕಂಪ್ಯೂಟರಿನಲ್ಲಿ, ಇನ್ನೊಮ್ಮೆ ದತ್ತಾಂಶ ಅಮೆರಿಕಕ್ಕೆ ತಲುಪಿದ ಮೇಲೆ. ಅಧಿಕೃತ ಫಲಿತಾಂಶ ಕೊಡುವುದು ನೀವು ಅರ್ಜಿ ಹಾಕಿದ ಅಮೆರಿಕದ ರಾಜ್ಯದ ನರ್ಸಿಂಗ್ ಬೋರ್ಡ್. ಅದಕ್ಕೆ 6 ವಾರದವರೆಗೂ ಹಿಡಿಯಬಹುದು. ಪರೀಕ್ಷಾ ಕೇಂದ್ರದ ಸಿಬ್ಬಂದಿಯ ಕೈಯಲ್ಲಿ ಫಲಿತಾಂಶ ಇರುವುದೇ ಇಲ್ಲ, ಅವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಅದಕ್ಕಿಂತ ಮೊದಲು ತಿಳಿಯುವ ದಾರಿ ‘ಕ್ವಿಕ್ ರಿಸಲ್ಟ್ಸ್’. ನಿಮ್ಮ ಬೋರ್ಡ್ ಆ ಸೇವೆಯಲ್ಲಿ ಸೇರಿದ್ದರೆ, ಪರೀಕ್ಷೆ ಮುಗಿದ ಎರಡು ಕೆಲಸದ ದಿನಗಳ ಮೇಲೆ, ಪರೀಕ್ಷಾ ಕೇಂದ್ರ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ತಾಣದಲ್ಲಿರುವ ನಿಮ್ಮ ಖಾತೆಯೊಳಗೆ ಅದು ಕಾಣಿಸುತ್ತದೆ, ಶುಲ್ಕ 7.95 ಡಾಲರ್. ಇದು ಅನಧಿಕೃತ, ಇದನ್ನು ತೋರಿಸಿ ಕೆಲಸಕ್ಕೆ ಸೇರಲು ಬರುವುದಿಲ್ಲ. ಎಲ್ಲ ಬೋರ್ಡ್‌ಗಳೂ ಇದರಲ್ಲಿಲ್ಲ. ನಿಮ್ಮದು ಇಲ್ಲದಿದ್ದರೆ ಖಾತೆಯಲ್ಲಿ ಆ ಆಯ್ಕೆಯೇ ಬರುವುದಿಲ್ಲ. ಅದಕ್ಕೂ ನಿಮ್ಮ ಅಂಕಕ್ಕೂ ಸಂಬಂಧವಿಲ್ಲ.

ಕೆಲಸದ ದಿನ ಎಂಬ ಮಾತನ್ನು ಗಮನಿಸಿ. ಶನಿವಾರ, ಭಾನುವಾರ, ಅಮೆರಿಕದ ಸರ್ಕಾರಿ ರಜೆ ಇದರಲ್ಲಿ ಸೇರುವುದಿಲ್ಲ. ನೀವು ಶುಕ್ರವಾರ ಬರೆದಿದ್ದರಿಂದ ಮಂಗಳವಾರ ರಾತ್ರಿಗಿಂತ ಮೊದಲು ಖಾತೆ ತೆರೆದು ಫಲವಿಲ್ಲ. ನವೆಂಬರ್ ನಾಲ್ಕನೇ ಗುರುವಾರದ (ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ರಜೆ) ಸುತ್ತ, ಕ್ರಿಸ್‌ಮಸ್ ಸುತ್ತ ಬರೆದವರು ಇನ್ನೂ ಒಂದೆರಡು ದಿನ ಸೇರಿಸಿಕೊಳ್ಳಿ.

ಗಡಿಯಾರದ ಲೆಕ್ಕವನ್ನೂ ಒಮ್ಮೆ ಹಾಕಿ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ ಅವರ ಬೇಸಿಗೆಯಲ್ಲಿ ಸಂಜೆ 6.30, ಅವರ ಚಳಿಗಾಲದಲ್ಲಿ 7.30. ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಕಚೇರಿ ಮುಚ್ಚುವ 5 ಗಂಟೆಗೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ 5.30 ಅಥವಾ 6.30. ಬೋರ್ಡ್ ಕಚೇರಿಯವರು ಕಳುಹಿಸುವುದೆಲ್ಲ ನಮ್ಮ ರಾತ್ರಿಯಲ್ಲೇ ಬರುತ್ತದೆ. ಹಗಲಿಡೀ ಮೇಲ್ ನೋಡಿದರೆ ಆಫರ್ ಮೇಲ್‌ಗಳಷ್ಟೇ ಸಿಗುವುದು. ದಿನಕ್ಕೆ ಒಂದೇ ಸಲ, ಬೆಳಿಗ್ಗೆ 7 ಕಳೆದ ಮೇಲೆ ನೋಡಿ. ಸ್ಪ್ಯಾಮ್ ಫೋಲ್ಡರನ್ನೂ ಅದೇ ಹೊತ್ತಿಗೆ ನೋಡಿ.

ಮತ್ತೆ ರಿಜಿಸ್ಟರ್ ಮಾಡಲು ಹೋದರೆ ಪಾಸಾದವರಿಗೆ ನೋಂದಣಿ ಸಾಧ್ಯವಿಲ್ಲ ಎಂಬ ಸಂದೇಶ, ಅಂದರೆ ‘ಗುಡ್ ಪಾಪ್-ಅಪ್’ ಬರುತ್ತದಂತೆ, ಫೇಲಾದವರನ್ನು ಪಾವತಿಗೆ ಬಿಡುತ್ತದಂತೆ. ಮಾಡಿ ನೋಡಲೇ? – ಓದುಗರು, ಕಲಬುರಗಿ

ಬೇಡ. ಪರೀಕ್ಷೆ ನಡೆಸುವ ಎನ್‌ಸಿಎಸ್‌ಬಿಎನ್ ಇದನ್ನು ನಂಬಬೇಡಿ ಎಂದೇ ಹೇಳುತ್ತದೆ. ಆ ಸಂದೇಶ ಬರಲು, ಬರದಿರಲು ಫಲಿತಾಂಶಕ್ಕೆ ಸಂಬಂಧವಿಲ್ಲದ ಕಾರಣಗಳೂ ಇರುತ್ತವೆ. ಪಾವತಿ ನಡೆದುಹೋದರೆ 200 ಡಾಲರ್ ಹೋದಂತೆಯೇ, ಹದಿನೇಳು ಸಾವಿರ ರೂಪಾಯಿಗೂ ಮೇಲೆ. ಅದು ವಾಪಸ್ ಬರುವುದಿಲ್ಲ. ದುಡ್ಡಿಗಿಂತ ಹೆಚ್ಚಿನ ನಷ್ಟ ಮನಸ್ಸಿನದು: ಸುಳ್ಳು ‘ಬ್ಯಾಡ್ ಪಾಪ್-ಅಪ್’ ನೋಡಿ ಎರಡು ದಿನ ಅತ್ತು, ಆಮೇಲೆ ಪಾಸು ಅಂತ ಗೊತ್ತಾದವರಿದ್ದಾರೆ. ಅದರ ತಿರುಗುಮುರುಗೂ ಆಗಿದೆ.

ಪರೀಕ್ಷೆ ಮುಗಿಸಿ ಬಂದು ನೆನಪಿದ್ದ ಪ್ರಶ್ನೆಗಳನ್ನು ಟೆಲಿಗ್ರಾಂ ಗುಂಪಿನಲ್ಲಿ ಹಾಕಿ ಉತ್ತರ ಕೇಳಿದೆ. ಈಗ ಹಾಗೆ ಮಾಡಬಾರದಿತ್ತು ಅನ್ನುತ್ತಿದ್ದಾರೆ. – ಓದುಗರು, ಮಂಗಳೂರು

ಈಗಲೇ ಅಳಿಸಿ, ಗುಂಪಿನಿಂದ ಹೊರಗೆ ಬನ್ನಿ. ಪರೀಕ್ಷೆಯ ಆರಂಭದಲ್ಲಿ ನೀವು ಒಪ್ಪಿದ ಗೋಪ್ಯತೆಯ ಕರಾರಿನಲ್ಲಿ ಪ್ರಶ್ನೆಯನ್ನು ಯಾವ ರೂಪದಲ್ಲೂ ಯಾರಿಗೂ ಹೇಳುವುದಿಲ್ಲ ಎಂದಿದೆ. ಮುರಿದರೆ ಫಲಿತಾಂಶ ತಡೆಹಿಡಿಯಬಹುದು, ರದ್ದು ಮಾಡಬಹುದು. ನೆನಪಿನಿಂದ ಬರೆದ ಪ್ರಶ್ನೆಗಳನ್ನು ‘ರೀಕಾಲ್ಸ್’ ಎಂದು ದುಡ್ಡಿಗೆ ಮಾರುವವರ ಹತ್ತಿರಕ್ಕೂ ಹೋಗಬೇಡಿ. ಮನಸ್ಸಿಗಾದರೂ ಅದರಿಂದ ಒಳ್ಳೆಯದಾಗಿಲ್ಲ, ನೋಡಿ: ಹತ್ತು ಜನ ಹತ್ತು ಉತ್ತರ ಹೇಳಿರುತ್ತಾರೆ, ಒಬ್ಬರಿಗೂ ನೀವು ನೋಡಿದ ಪ್ರಶ್ನೆಯ ಪೂರ್ತಿ ಮಾತು ಗೊತ್ತಿರುವುದಿಲ್ಲ.

ಐಸಿಯುನಲ್ಲಿ ನೈಟ್ ಡ್ಯೂಟಿ. ಹಗಲು ನಿದ್ದೆ ಬರುತ್ತಿಲ್ಲ, ಪ್ರಶ್ನೆಗಳೇ ಕಣ್ಮುಂದೆ. ಮೊನ್ನೆ ಇನ್‌ಫ್ಯೂಷನ್ ಪಂಪ್‌ನಲ್ಲಿ (ರಕ್ತನಾಳಕ್ಕೆ ಅಳತೆಯಲ್ಲಿ ಔಷಧಿ ಬಿಡುವ ಯಂತ್ರ) ತಪ್ಪು ಸಂಖ್ಯೆ ಒತ್ತಿದ್ದೆ, ಜೊತೆಯ ಸಿಸ್ಟರ್ ನೋಡಿ ಸರಿಮಾಡಿದರು. ತುಂಬಾ ಭಯವಾಗಿದೆ. – ಓದುಗರು, ಬೆಂಗಳೂರು

ನಮಗೆ ಬಂದ ಪತ್ರಗಳಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಮುಚ್ಚಿಡದೆ ಬರೆದಿದ್ದು ಒಳ್ಳೆಯದಾಯಿತು.

ಮೊದಲು ರೋಗಿಯ ಸುರಕ್ಷತೆ. ನಿದ್ದೆ ಕೆಟ್ಟ ತಲೆ ಅಂಕಿಗಳನ್ನು ಅದಲುಬದಲು ಮಾಡುತ್ತದೆ. 500 ಎಂಎಲ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ 25,000 ಯೂನಿಟ್ ಇದೆ, ಆರ್ಡರ್ ಗಂಟೆಗೆ 1,200 ಯೂನಿಟ್ ಅಂದುಕೊಳ್ಳಿ. ಒಂದು ಎಂಎಲ್‌ಗೆ 50 ಯೂನಿಟ್, ಹಾಗಾಗಿ ಪಂಪ್‌ಗೆ ಗಂಟೆಗೆ 24 ಎಂಎಲ್. ಕೈ 42 ಒತ್ತಿತು ಅಂದರೆ ರೋಗಿಗೆ ಗಂಟೆಗೆ 2,100 ಯೂನಿಟ್ ಹೋಗುತ್ತದೆ. ಫಲಿತಾಂಶ ಬರುವವರೆಗೆ ಹೆಪಾರಿನ್, ಇನ್ಸುಲಿನ್, ಪೊಟ್ಯಾಸಿಯಂ, ಇನೋಟ್ರೋಪ್ (ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ) ಈ ನಾಲ್ಕನ್ನೂ ಒಬ್ಬರೇ ಹಾಕಬೇಡಿ. ಜೊತೆಯವರು ನಿಮ್ಮ ಉತ್ತರ ನೋಡದೆ ತಾವೇ ಲೆಕ್ಕ ಮಾಡಲಿ, ಆಮೇಲೆ ಎರಡನ್ನೂ ಹೋಲಿಸಿ. ‘24 ತಾನೇ?’ ಅಂತ ಕೇಳಿದರೆ ‘ಹೂಂ’ ಅನ್ನುತ್ತಾರೆ, ಅದು ಪರಿಶೀಲನೆಯಲ್ಲ. ಇನ್‌ಚಾರ್ಜ್ ಸಿಸ್ಟರ್‌ಗೆ ಪಂಪ್‌ನ ವಿಷಯವನ್ನೂ ನಿದ್ದೆಯ ವಿಷಯವನ್ನೂ ಹೇಳಿ. ಸಾಧ್ಯವಿದ್ದರೆ ಎರಡು ವಾರ ಡೇ ಶಿಫ್ಟ್ ಕೇಳಿ.

ನಿದ್ದೆಗೆ ಬರೋಣ. ರಾತ್ರಿ 8ರಿಂದ ಬೆಳಿಗ್ಗೆ 8ರ ಡ್ಯೂಟಿಯಾದರೆ ಕೊನೆಯ ಕಾಫಿ, ಟೀ ಮಧ್ಯರಾತ್ರಿ 1ರೊಳಗೆ ಮುಗಿಯಲಿ. ಕುಡಿದು ಐದಾರು ಗಂಟೆಯಾದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ. 5 ಗಂಟೆಗೆ ಕುಡಿದ ಕಾಫಿ ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದಷ್ಟೂ ಮಿದುಳು ‘ಹಗಲಾಯಿತು’ ಅಂದುಕೊಳ್ಳುತ್ತದೆ. ಹಗುರಾಗಿ ತಿಂಡಿ ತಿನ್ನಿ. ಕೋಣೆ ಕತ್ತಲೆ ಮಾಡಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಒಂದೇ ಸಲಕ್ಕೆ 7 ಗಂಟೆ ನಿದ್ದೆ ಬರದಿದ್ದರೆ ಮನೆಗೆ ಬಂದ ಮೇಲೆ 5 ಗಂಟೆ ಕಾಲ, ಡ್ಯೂಟಿಗೆ ಮೊದಲು ಒಂದೂವರೆ ಗಂಟೆ ಕಾಲ ಅಂತ ಎರಡು ಪಾಲು ಮಾಡಿಕೊಳ್ಳಿ. ಅರ್ಧ ಗಂಟೆಯಾದರೂ ನಿದ್ದೆ ಹತ್ತದಿದ್ದರೆ ಎದ್ದು ಕುರ್ಚಿಯಲ್ಲಿ ಕುಳಿತು, ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡಿ. ಐದು ನಿಮಿಷ ಸಾಕು. ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ಇಳಿಯುತ್ತದೆ, ನಿಮಗೇ ಗೊತ್ತಿರುವ ಶರೀರಶಾಸ್ತ್ರ. ನಿದ್ದೆಮಾತ್ರೆಯನ್ನು ವಾರ್ಡ್ ಸ್ಟಾಕಿನಿಂದ ತೆಗೆದುಕೊಳ್ಳುವ ಯೋಚನೆ ಕನಸಿನಲ್ಲೂ ಬೇಡ.

ಕಾಡುವ ಪ್ರಶ್ನೆಗಳಿಗೆ ಒಂದು ಹೊತ್ತು ಗೊತ್ತುಮಾಡಿ, ಸಂಜೆ 5ರಿಂದ 5.15. ಒಂದು ಹಾಳೆಯಲ್ಲಿ ವಿಷಯದ ಹೆಸರಷ್ಟೇ ಬರೆಯಿರಿ: ‘ಲಿಥಿಯಂ’, ‘ಚೆಸ್ಟ್ ಡ್ರೈನ್’. ಪ್ರಶ್ನೆ ಬರೆಯಬೇಡಿ, ಮೇಲೆ ಹೇಳಿದ ಕರಾರು ಇದಕ್ಕೂ ಅನ್ವಯಿಸುತ್ತದೆ. ಬೇರೆ ಹೊತ್ತಿನಲ್ಲಿ ನೆನಪಾದರೆ ‘5 ಗಂಟೆಗೆ ನೋಡೋಣ’ ಅಂದುಕೊಂಡು ಕೈಯಲ್ಲಿರುವ ಕೆಲಸಕ್ಕೆ ಮರಳಿ. ಮೊದಲ ಮೂರು ದಿನ ಕೆಲಸ ಮಾಡದು, ಬಿಡಬೇಡಿ.

ಇನ್ನೊಂದು. ಬೆಳಿಗ್ಗೆ 7 ಕಳೆದ ಮೇಲೆ ಮೇಲ್ ನೋಡಿ ಅಂತ ಮೇಲೆ ಬರೆದಿದ್ದೇವೆ. ನಿಮಗೆ ಅದು ಹ್ಯಾಂಡೋವರ್‌ಗೆ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಲು, ಸಿದ್ಧವಾಗುವ ಹೊತ್ತು. ಹ್ಯಾಂಡೋವರ್ ಮುಗಿದು ಸಹಿ ಹಾಕಿ ಐಸಿಯು ಬಾಗಿಲು ದಾಟುವವರೆಗೆ ಫೋನ್ ತೆಗೆಯಬೇಡಿ. ಬಂದ ಸುದ್ದಿ ಒಳ್ಳೆಯದಾದರೂ ಕೆಟ್ಟದ್ದಾದರೂ ಆಮೇಲಿನ ಹತ್ತು ನಿಮಿಷ ನಿಮ್ಮ ಗಮನ ರೋಗಿಯ ಮೇಲಿರುವುದಿಲ್ಲ.

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಬದುಕಿ ಏನು ಪ್ರಯೋಜನ ಎಂಬಂಥ ಯೋಚನೆ ಒಮ್ಮೆ ಬಂದರೂ ಸರಿ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಗಳು ಪರೀಕ್ಷೆ ಬರೆದು ಬಂದಾಗಿನಿಂದ ಮಾತೇ ಆಡುತ್ತಿಲ್ಲ. ನೆಂಟರು ದಿನಾ ಫೋನ್ ಮಾಡಿ ‘ರಿಸಲ್ಟ್ ಬಂತಾ’ ಅಂತ ಕೇಳುತ್ತಾರೆ. – ಒಬ್ಬ ತಾಯಿ, ಶಿರಸಿ

ನೆಂಟರಿಗೆ ನೀವೇ ಒಂದು ಮಾತು ಹೇಳಿಬಿಡಿ: ‘ಆರು ವಾರ ಆಗ್ತದಂತೆ, ಬಂದ ಕೂಡಲೇ ನಾನೇ ಫೋನ್ ಮಾಡ್ತೇನೆ.’ ಅದು ಸುಳ್ಳೂ ಅಲ್ಲ, ಬೋರ್ಡ್ ಹೇಳುವ ಗಡುವೇ ಅದು. ಮಗಳ ಫೋನಿಗೆ ಯಾರೂ ಕರೆ ಮಾಡದಂತೆ ನೋಡಿಕೊಳ್ಳಿ. ನೀವೂ ಕೇಳಬೇಡಿ. ಊಟಕ್ಕೆ ಕರೆಯಿರಿ, ಪೇಟೆಗೆ ಜೊತೆಗೆ ಬಾ ಅನ್ನಿ. ‘ಪಾಸಾಗೇ ಆಗ್ತೀಯ’ ಅಂತ ಧೈರ್ಯ ಹೇಳುವುದಕ್ಕಿಂತ ‘ಏನಾದರೂ ಆಗಲಿ, 45 ದಿನ ಬಿಟ್ಟು ಮತ್ತೆ ಬರೆಯಬಹುದಂತಲ್ಲ’ ಅನ್ನುವುದು ಅವಳ ಎದೆ ಹಗುರ ಮಾಡುತ್ತದೆ. ಹರಕೆ ಹೊತ್ತಿದ್ದರೆ ಅವಳ ಮುಂದೆ ಹೇಳಬೇಡಿ, ಅದೂ ಅವಳ ಹೆಗಲಿಗೆ ಒಂದು ಭಾರವಾಗುತ್ತದೆ.

ಗೆಳತಿಯರು ಹೇಳಿದಂತೆ ಬೋರ್ಡ್‌ನ ಲೈಸೆನ್ಸ್ ಹುಡುಕಾಟದಲ್ಲಿ ನನ್ನ ಹೆಸರು ಹಾಕಿದೆ, ಏನೂ ಬರಲಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಅದರಿಂದ ತೊಂದರೆಯೇ? – ಓದುಗರು, ತುಮಕೂರು

ಹೆಸರು ಕಾಣದಿದ್ದರೆ ಫೇಲ್ ಎಂದಲ್ಲ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದವರಿಗೆ ಹಲವು ರಾಜ್ಯಗಳು ಪಾಸಾದರೂ ಲೈಸೆನ್ಸ್ ಕೊಡುವುದಿಲ್ಲ. ಪಾಸಾದ ಪತ್ರ ಮಾತ್ರ ಬರುತ್ತದೆ. ಲೈಸೆನ್ಸೇ ಇಲ್ಲದ ಮೇಲೆ ಪಟ್ಟಿಯಲ್ಲಿ ಹೆಸರು ಎಲ್ಲಿಂದ ಬರಬೇಕು?

ಹೆಸರಿನ ವಿಷಯ ನಮ್ಮ ಕಡೆಯವರಿಗೆ ನಿಜಕ್ಕೂ ತಲೆನೋವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ನರ್ಸಿಂಗ್ ಕೌನ್ಸಿಲ್ ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಪರೀಕ್ಷೆಯ ದಿನ ನಿಮ್ಮನ್ನು ಒಳಗೆ ಬಿಟ್ಟರು ಅಂದರೆ ನೋಂದಣಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಹೊಂದಿವೆ. ಆದರೆ ಬೋರ್ಡ್‌ಗೆ ಕೊಟ್ಟ ಅರ್ಜಿಯಲ್ಲಿ ಬೇರೆ ರೀತಿ ಬರೆದಿದ್ದರೆ ಅಲ್ಲಿ ಕಡತ ನಿಲ್ಲಬಹುದು. ಕಾಯುವ ಈ ದಿನಗಳಲ್ಲೇ ಆ ಕೆಲಸ ಮುಗಿಸಿ: ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದರಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ವ್ಯತ್ಯಾಸವಿದ್ದರೆ, ಇವೆಲ್ಲ ಒಬ್ಬರೇ ವ್ಯಕ್ತಿಯವು ಎಂದು ಪ್ರತಿ ರೂಪವನ್ನೂ ಹೆಸರಿಸಿ ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ, ಪಾಸ್‌ಪೋರ್ಟ್ ಪ್ರತಿಯೊಂದಿಗೆ ಬೋರ್ಡ್‌ಗೆ ಬರೆದು ಕೇಳಿ. ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ ನಿಮ್ಮ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರೆಯುತ್ತಾರೆ. ಮುಂದೆ ಬ್ಯಾಂಕ್, ಲೈಸೆನ್ಸ್ ಎಲ್ಲದರಲ್ಲೂ ಅದೇ ಹಿಂಬಾಲಿಸುತ್ತದೆ. ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಸರ್‌ನೇಮ್ ಸೇರಿಸಿಕೊಳ್ಳುವುದಾದರೆ ಫಲಿತಾಂಶ ಕೈಗೆ ಬಂದ ಮೇಲೆ ಮಾಡಿ, ನಡುವೆ ಬದಲಿಸಬೇಡಿ.

ಪಾಸಾಗುವುದು ಖಚಿತ ಅನಿಸುತ್ತಿದೆ. ಈಗಲೇ ರಾಜೀನಾಮೆ ಕೊಡಲೇ? – ಓದುಗರು, ಹುಬ್ಬಳ್ಳಿ

ಕೊಡಬೇಡಿ. ಪಾಸಾದ ಮೇಲೆ ವೀಸಾಸ್ಕ್ರೀನ್, ಅಂದರೆ ವೀಸಾಕ್ಕೆ ಮೊದಲು ನಿಮ್ಮ ಓದು, ಲೈಸೆನ್ಸ್, ಇಂಗ್ಲಿಷ್ ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಆಗಬೇಕು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಬೇಕು. ಐಇಎಲ್‌ಟಿಎಸ್ ಅಕಾಡೆಮಿಕ್ ಬರೆದರೆ ಒಟ್ಟು 6.5, ಮಾತಿನ ಭಾಗದಲ್ಲಿ 7 ಇರಬೇಕು. ಅದರ ನಂತರದ್ದು ವೀಸಾ ಸರದಿ. ನರ್ಸ್‌ಗಳು ಗ್ರೀನ್ ಕಾರ್ಡಿಗೆ ಹೋಗುವ ಇಬಿ-3 ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಹಿಂದಿದೆ. ‘ಒಂದು ವರ್ಷದಲ್ಲಿ ಕಳಿಸುತ್ತೇವೆ’ ಅನ್ನುವ ಏಜೆಂಟರಿಗೆ ಈ ಒಂದು ಮಾತನ್ನು ಮುಂದಿಟ್ಟು ಕೇಳಿ, ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್ ನೀವೇ ತೆಗೆದು ನೋಡಿ. ಅದೇ ಪಾಸಿನ ಬಲದ ಮೇಲೆ ಆಸ್ಟ್ರೇಲಿಯಾ, ಕೆನಡಾದ ದಾರಿ ನೋಡುವವರೂ ಇದ್ದಾರೆ. ಆಸ್ಟ್ರೇಲಿಯಾಕ್ಕಾದರೆ ಇದಾದ ಮೇಲೆ ಅಲ್ಲಿ ಓಎಸ್‌ಸಿಇ ಪ್ರಾಯೋಗಿಕ ಪರೀಕ್ಷೆ ಬಾಕಿ ಇರುತ್ತದೆ.

ಕಾಯುವಾಗ ಮಾಡಬಹುದಾದ ಕೆಲಸ ಬೇರೆಯದಿದೆ. ಅನುಭವ ಪತ್ರ ಮಾಡಿಸಿ. ವಾರ್ಡ್, ಹಾಸಿಗೆಗಳ ಸಂಖ್ಯೆ, ತಾರೀಖು ಇರಲಿ. ಆಸ್ಪತ್ರೆಯಲ್ಲಿ ಒರಿಜಿನಲ್ ಪ್ರಮಾಣಪತ್ರ ಇಟ್ಟುಕೊಂಡಿದ್ದರೆ ಲಿಖಿತವಾಗಿ ವಾಪಸ್ ಕೇಳಿ. ಬಾಂಡ್ ಇದ್ದರೆ ಎಷ್ಟು ತಿಂಗಳು ಉಳಿದಿದೆ ನೋಡಿಕೊಳ್ಳಿ.

ಫೇಲ್ ಅಂತ ಬಂತು. ಮುಂದೇನು? – ಓದುಗರು, ದಾವಣಗೆರೆ

ಮೂರು ದಿನ ಪುಸ್ತಕ ಮುಟ್ಟಬೇಡಿ. ಆಮೇಲೆ ಬೋರ್ಡ್‌ನಿಂದ ಬರುವ ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಅಂಕ ಇರುವುದಿಲ್ಲ. ಪ್ರತಿ ವಿಭಾಗದ ಮುಂದೆ ಪಾಸಿನ ಮಟ್ಟಕ್ಕಿಂತ ಮೇಲೆ, ಹತ್ತಿರ, ಕೆಳಗೆ ಎಂದು ಇರುತ್ತದೆ. ‘ಕೆಳಗೆ’ ಇರುವುದು ಮೊದಲು, ‘ಹತ್ತಿರ’ ಇರುವುದು ಆಮೇಲೆ; ‘ಮೇಲೆ’ ಇರುವುದನ್ನು ವಾರಕ್ಕೊಮ್ಮೆ ಮುಟ್ಟಿದರೆ ಸಾಕು.

ಪ್ರಶ್ನೆಗಳಲ್ಲಿ ದೊಡ್ಡ ಪಾಲು ಮ್ಯಾನೇಜ್‌ಮೆಂಟ್ ಆಫ್ ಕೇರ್‌ಗೆ (ಯಾವ ರೋಗಿಯನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ಹಂಚಬೇಕು ಎಂಬಂಥವು), ಅದರ ಬೆನ್ನಿಗೆ ಔಷಧಿಗಳಿಗೆ. ನಮ್ಮವರು ಎಡವುವುದು ಹೆಚ್ಚಾಗಿ ಮೊದಲನೆಯದರಲ್ಲಿ, ಓದಿಲ್ಲ ಅಂತಲ್ಲ. ನಮ್ಮ ವಾರ್ಡುಗಳಲ್ಲಿ ಕೆಲಸ ಹಂಚುವ ಕ್ರಮವೇ ಬೇರೆ: ಆಯಾ, ಅಟೆಂಡರ್, ರೋಗಿಯ ಕಡೆಯವರು ಎಲ್ಲರೂ ಕೈ ಹಾಕುತ್ತಾರೆ, ಡಾಕ್ಟರ್ ಹೇಳಿದ ಮೇಲೆ ನಾವು ಮಾಡುತ್ತೇವೆ. ಅಲ್ಲಿ ಕೇಳುವುದು, ನೀವಾಗಿಯೇ ಮೊದಲು ಏನು ಮಾಡುತ್ತೀರಿ ಅಂತ. ನಾಲ್ವರಿದ್ದಾರೆ ಅಂದುಕೊಳ್ಳಿ: ಆಪರೇಷನ್ ಆಗಿ ನೋವು 7 ಅನ್ನುವವರು, ಮೊದಲಿನಿಂದಲೂ ಆಮ್ಲಜನಕ ಶೇ. 90ರಲ್ಲೇ ಇರುವ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿ, ಡಿಸ್ಚಾರ್ಜ್‌ಗೆ ಕಾದವರು, ಥೈರಾಯ್ಡ್ ತೆಗೆಸಿಕೊಂಡು ಈಗ ತಾನೇ ಉಸಿರಿನಲ್ಲಿ ಕರ್ಕಶ ಸದ್ದು ಶುರುವಾದವರು. ನೋವು ಜೋರಾಗಿ ಕೂಗುತ್ತದೆ, ಆದರೆ ಹೋಗಬೇಕಾದ್ದು ಕೊನೆಯವರ ಬಳಿ. ಕತ್ತಿನೊಳಗೆ ರಕ್ತ ಅಥವಾ ಊತ ಶ್ವಾಸನಾಳ ಒತ್ತುತ್ತಿರಬಹುದು, ಹೊಸದಾಗಿ ಕೆಡುತ್ತಿರುವವರು ಅವರೊಬ್ಬರೇ. ಹಾಗೆಯೇ ಸ್ಥಿರವಾಗಿರುವ ರೋಗಿಯ ಬಿಪಿ ನೋಡಲು ಸಹಾಯಕರಿಗೆ ಹೇಳಬಹುದು. ರೋಗಿಯ ಸ್ಥಿತಿ ಅಂದಾಜು ಮಾಡುವುದು, ತಿಳಿವಳಿಕೆ ಹೇಳುವುದು, ಔಷಧಿ ಕೆಲಸ ಮಾಡಿತೇ ಅಂತ ನಿರ್ಧರಿಸುವುದು ನಿಮ್ಮದೇ.

ದಿನಕ್ಕೆ 60 ಪ್ರಶ್ನೆ, ಎರಡು ಕೇಸ್ ಸ್ಟಡಿ ಸಾಕು, ಆದರೆ ಬಿಡಿಸಲು ಹಿಡಿದ ಹೊತ್ತಿನ ಎರಡರಷ್ಟು ಉತ್ತರ ನೋಡಲು ಕೊಡಿ. ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಸರಿ ಬರೆದು ಬದಲಾಯಿಸಿದೆ. ಎರಡು ವಾರ ಕಳೆದ ಮೇಲೆ ಯಾವ ಕಾರಣ ಹೆಚ್ಚು ಅಂತ ಎಣಿಸಿ. ‘ತಪ್ಪಾಗಿ ಓದಿದೆ’ ಹೆಚ್ಚಿದ್ದರೆ ಹೊಸ ಪುಸ್ತಕ ಕೊಳ್ಳುವುದರಿಂದ ಉಪಯೋಗವಿಲ್ಲ, ನಿಧಾನವಾಗಿ ಓದುವ ಅಭ್ಯಾಸ ಬೇಕು.

ಎರಡು ಪರೀಕ್ಷೆಗಳ ನಡುವೆ ಕನಿಷ್ಠ 45 ದಿನ ಇರಲೇಬೇಕು. ನೋಂದಣಿಗೆ ಮತ್ತೆ 200 ಡಾಲರ್, ಭಾರತದಲ್ಲಿ ಬರೆಯುವುದಕ್ಕೆ 150 ಡಾಲರ್ ಮತ್ತು ತೆರಿಗೆ, ಬೋರ್ಡ್‌ನ ಶುಲ್ಕ ಬೇರೆ. ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಕೆಲವು ರಾಜ್ಯಗಳಲ್ಲಿ ಮಿತಿ, ಷರತ್ತು ಇದೆ. ಫ್ಲಾರಿಡಾದಲ್ಲಿ ಮೂರು ಸಲ ಫೇಲಾದರೆ ಬೋರ್ಡ್ ಒಪ್ಪಿದ ಕೋರ್ಸ್ ಮುಗಿಸಿಯೇ ಮುಂದಿನದು. ಪರೀಕ್ಷಾ ಅನುಮತಿ ಪತ್ರ ಬಂದ ದಿನವೇ ಬೆಂಗಳೂರಿನ ಸೀಟು ನೋಡಿ. ಅದರ ಅವಧಿ ಸಾಮಾನ್ಯವಾಗಿ 90 ದಿನ, ವಿಸ್ತರಿಸುವುದಿಲ್ಲ. ಅವಧಿ ಮುಗಿದರೆ ಮತ್ತೆ ಶುಲ್ಕ ಕಟ್ಟಬೇಕಾಗುತ್ತದೆ.